ಲೆಕ್ಕ ಹಿಡಿದು ಪೊಲೀಸ್ ಪಡೆ ಕಟ್ಟಿದ ಸರ್ ರಾಬರ್ಟ್ ಪೀಲ್

ಲಂಡನ್ನಿನ ಜನ ಇಂದಿಗೂ ಪೊಲೀಸ್ ಪೇದೆಯನ್ನು ಬಾಬಿ ಎಂದು ಕರೆಯುತ್ತಾರೆ. ರಾಬರ್ಟ್ ಎಂಬ ಹೆಸರನ್ನು ಸಲಿಗೆಯಿಂದ ಕರೆಯುವ ರೂಪ ಅದು. ಐರ್ಲೆಂಡಿನಲ್ಲಿ ಹಿಂದೆ ಪೊಲೀಸರಿಗೆ ಪೀಲರ್ ಎನ್ನುತ್ತಿದ್ದರು. ಒಬ್ಬ ಮನುಷ್ಯನ ಹೆಸರಿನ ಎರಡು ಭಾಗಗಳೂ ಹೀಗೆ ಒಂದು ಉದ್ಯೋಗಕ್ಕೆ ಅಂಟಿಕೊಂಡದ್ದು ಅಪರೂಪ. ಆ ಮನುಷ್ಯ ಸರ್ ರಾಬರ್ಟ್ ಪೀಲ್. ಇಂಗ್ಲೆಂಡಿನ ಗೃಹಮಂತ್ರಿಯಾಗಿ, ಆಮೇಲೆ ಎರಡು ಬಾರಿ ಪ್ರಧಾನಮಂತ್ರಿಯಾಗಿ ಕೆಲಸ ಮಾಡಿದವರು.

ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದೇನೆ. ಅಪರಾಧದ ಅಂಕಿ ಅಂಶಗಳ ಬಗ್ಗೆ ಓದಲು ಹೊರಟಾಗ ಪೀಲ್ ಅವರ ಹೆಸರು ಮತ್ತೆ ಮತ್ತೆ ಸಿಕ್ಕಿತು. ಪೊಲೀಸ್ ಪಡೆ ಕಟ್ಟಿದವರು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಆ ಪಡೆ ಬೇಕು ಎಂದು ಸಂಸತ್ತನ್ನು ಒಪ್ಪಿಸಲು ಅವರು ಸರ್ಕಾರದ ಅಂಕಿಗಳನ್ನೇ ಮುಂದಿಟ್ಟರು ಎಂಬುದು ನನಗೆ ಹೊಸದಾಗಿತ್ತು. ಆ ಅಂಕಿಗಳು ಏನು ಹೇಳಿದವು, ಏನು ಹೇಳಲಿಲ್ಲ ಎಂಬುದು ನಮಗೂ ಬೇಕಾದ ಪಾಠ. ಆದ್ದರಿಂದ ಅವರ ಜೀವನವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಬರ್ಟ್ ಪೀಲ್ ಹುಟ್ಟಿದ್ದು 1788ರ ಫೆಬ್ರವರಿ 5ರಂದು, ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಬರಿ ಎಂಬ ಊರಿನಲ್ಲಿ. ಅದು ಹತ್ತಿಯ ಗಿರಣಿಗಳು ತಲೆಯೆತ್ತುತ್ತಿದ್ದ ಕಾಲ. ತಂದೆಯ ಹೆಸರೂ ರಾಬರ್ಟ್ ಪೀಲ್. ಹತ್ತಿ ಬಟ್ಟೆ ನೇಯಿಸಿ, ಅದಕ್ಕೆ ಅಚ್ಚು ಹಾಕಿಸಿ ಮಾರುವ ದೊಡ್ಡ ಉದ್ಯಮಿ. ಗಿರಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಕೆಲಸದ ಹೊತ್ತಿಗೆ ಮಿತಿ ಹಾಕುವ 1802ರ ಕಾನೂನನ್ನು ಸಂಸತ್ತಿಗೆ ತಂದವರು ಈ ತಂದೆಯೇ. ಅವರದು ವ್ಯಾಪಾರದಿಂದ ಮೇಲೆ ಬಂದ ಮನೆತನವೇ ಹೊರತು ಹಳೆಯ ಜಮೀನ್ದಾರಿ ಮನೆತನವಲ್ಲ. ಲೆಕ್ಕದ ಪುಸ್ತಕ, ಜಮಾ ಖರ್ಚು, ಲಾಭ ನಷ್ಟ ಇವೆಲ್ಲ ಮನೆಯಲ್ಲೇ ಕಂಡ ಹುಡುಗ ಪೀಲ್.

ಹ್ಯಾರೊ ಶಾಲೆಯಲ್ಲಿ ಕವಿ ಬೈರನ್ ಅವರ ಜೊತೆಗಾರರಾಗಿದ್ದರು. ಆಮೇಲೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ರೈಸ್ಟ್ ಚರ್ಚ್ ಕಾಲೇಜು ಸೇರಿದರು. 1808ರಲ್ಲಿ ಪ್ರಾಚೀನ ಭಾಷೆಗಳಲ್ಲೂ ಗಣಿತದಲ್ಲೂ ಒಟ್ಟಿಗೆ ಪ್ರಥಮ ದರ್ಜೆ ಪಡೆದರು. ಆಕ್ಸ್‌ಫರ್ಡಿನಲ್ಲಿ ಹೀಗೆ ಎರಡರಲ್ಲೂ ಪ್ರಥಮ ದರ್ಜೆ ಪಡೆದವರಲ್ಲಿ ಅವರೇ ಮೊದಲಿಗರು. ಗೆಳೆಯರೇ, ಭಾಷೆ ಬರುವವರಿಗೆ ಗಣಿತ ಬರುವುದಿಲ್ಲ, ಗಣಿತ ಬರುವವರಿಗೆ ಭಾಷಣ ಬರುವುದಿಲ್ಲ ಎಂದು ನಾವು ಮಾತಾಡಿಕೊಳ್ಳುತ್ತೇವಲ್ಲ, ಅದಕ್ಕೆ ಈ ಫಲಿತಾಂಶ ಒಳ್ಳೆಯ ಉತ್ತರ.

ಮರುವರ್ಷವೇ, 21ನೇ ವಯಸ್ಸಿನಲ್ಲಿ, ಐರ್ಲೆಂಡಿನ ಕ್ಯಾಷೆಲ್ ಎಂಬ ಕ್ಷೇತ್ರದಿಂದ ಸಂಸತ್ತಿಗೆ ಹೋದರು. ಆ ಕಾಲದಲ್ಲಿ ಇಂತಹ ಸಣ್ಣ ಕ್ಷೇತ್ರಗಳಲ್ಲಿ ಮತದಾರರು ಬೆರಳೆಣಿಕೆಯಷ್ಟು. ತಂದೆಯ ಹಣ ಮತ್ತು ಪ್ರಭಾವದಿಂದಲೇ ಆ ಸ್ಥಾನ ಸಿಕ್ಕಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಆಮೇಲೆ ಅವರನ್ನು ಮುಂದೆ ತಂದದ್ದು ಅವರ ದುಡಿಮೆ.

ಐರ್ಲೆಂಡಿನ ಆರು ವರ್ಷ

1812ರಿಂದ 1818ರವರೆಗೆ ಪೀಲ್ ಐರ್ಲೆಂಡಿನ ಆಡಳಿತದ ಮುಖ್ಯ ಕಾರ್ಯದರ್ಶಿಯಾಗಿದ್ದರು. ಐರ್ಲೆಂಡಿನ ಬಹುಸಂಖ್ಯಾತರು ಕ್ಯಾಥೊಲಿಕರು. ಭೂಮಿ ಮತ್ತು ಅಧಿಕಾರ ಮಾತ್ರ ಪ್ರಾಟೆಸ್ಟೆಂಟರ ಕೈಯಲ್ಲಿತ್ತು. ಹಳ್ಳಿಗಳಲ್ಲಿ ಗೇಣಿ, ಚರ್ಚಿನ ತೆರಿಗೆ ಇವುಗಳ ವಿಚಾರದಲ್ಲಿ ಆಗಾಗ ಗಲಭೆ ಏಳುತ್ತಿತ್ತು. ಗಲಭೆ ಅಡಗಿಸಲು ಸೈನ್ಯವನ್ನೇ ಕಳುಹಿಸಬೇಕಾಗಿತ್ತು.

1814ರಲ್ಲಿ ಪೀಲ್ ಒಂದು ಕಾನೂನು ತಂದು ಶಾಂತಿ ಪಾಲನಾ ಪಡೆಯನ್ನು ಕಟ್ಟಿದರು. ಯಾವ ಪ್ರದೇಶದಲ್ಲಿ ಗಲಭೆ ಆಗುತ್ತದೋ ಆ ಪ್ರದೇಶವನ್ನು ಅಶಾಂತ ಪ್ರದೇಶ ಎಂದು ಘೋಷಿಸಿ ಅಲ್ಲಿಗೆ ಈ ಪಡೆಯನ್ನು ಕಳುಹಿಸುವುದು ಏರ್ಪಾಡು. ಅದರ ಖರ್ಚನ್ನು ಆ ಪ್ರದೇಶದ ಜನರ ಮೇಲೆಯೇ ಹಾಕುವುದು ನಿಯಮ. ಹಾಗಾಗಿ ಪೊಲೀಸರು ಬರುವುದೆಂದರೆ ದಂಡ ಕಟ್ಟುವುದು ಎಂದೇ ಜನ ತಿಳಿದರು. ಪೀಲರ್ ಎಂಬ ಹೆಸರು ಹುಟ್ಟಿದ್ದು ಇಲ್ಲಿ, ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಈ ಪಡೆ ಬಂದೂಕು ಹಿಡಿದ ಪಡೆಯೂ ಆಗಿತ್ತು. ಪೊಲೀಸರ ಸಂಬಳ ಯಾರು ಕೊಡಬೇಕು ಎಂಬ ಪ್ರಶ್ನೆ ಪೀಲ್ ಅವರ ಬೆನ್ನು ಹತ್ತಿದ್ದು ಅಲ್ಲಿಂದಲೇ.

1820ರಲ್ಲಿ ಪೀಲ್ ಜೂಲಿಯಾ ಫ್ಲಾಯ್ಡ್ ಎಂಬುವರನ್ನು ಮದುವೆಯಾದರು. ಈಕೆಯ ತಂದೆ ಜನರಲ್ ಜಾನ್ ಫ್ಲಾಯ್ಡ್. ನಮ್ಮ ಮೈಸೂರು ಯುದ್ಧಗಳ ಪಾಠದಲ್ಲಿ ಬರುವವರೇ. 1799ರ ಮಾರ್ಚ್‌ನಲ್ಲಿ ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನರ ಸೇನೆಯ ಮೇಲೆ ಬ್ರಿಟಿಷ್ ಕುದುರೆಪಡೆಯನ್ನು ನಡೆಸಿದವರು ಇವರು. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇದ್ದರು. ಲಂಡನ್ ಪೊಲೀಸರ ಚರಿತ್ರೆ ಓದುವಾಗ ನಮ್ಮ ಮಳವಳ್ಳಿಯ ಹೆಸರು ಎದುರಾದದ್ದು ನನಗೆ ಆಶ್ಚರ್ಯ ಉಂಟುಮಾಡಿತು.

ಗೃಹಮಂತ್ರಿ ಪೀಲ್

1822ರಲ್ಲಿ ಪೀಲ್ ಗೃಹಮಂತ್ರಿಯಾದರು. ಆಗಿನ ಇಂಗ್ಲೆಂಡಿನ ಕಾನೂನು ಹೇಗಿತ್ತೆಂದರೆ, ಇನ್ನೂರಕ್ಕೂ ಹೆಚ್ಚು ಬಗೆಯ ಅಪರಾಧಗಳಿಗೆ ಮರಣದಂಡನೆ ಇತ್ತು. ಕುರಿ ಕದ್ದವನಿಗೂ ನೇಣು. ಇಂತಹ ಕಾನೂನಿನಿಂದ ಕಳ್ಳರು ಹೆದರಲಿಲ್ಲ, ತೀರ್ಪು ಕೊಡುವವರು ಹೆದರಿದರು. ಸಣ್ಣ ತಪ್ಪಿಗೆ ಜೀವ ತೆಗೆಯಲು ಮನಸ್ಸಿಲ್ಲದೆ ಜ್ಯೂರಿಯವರು ಆರೋಪಿಯನ್ನು ನಿರಪರಾಧಿ ಎಂದು ಬಿಟ್ಟುಬಿಡುತ್ತಿದ್ದರು.

ಪೀಲ್ ಚದುರಿಹೋಗಿದ್ದ ನೂರಾರು ಹಳೆಯ ಕಾನೂನುಗಳನ್ನು ಒಟ್ಟು ಸೇರಿಸಿ ಕೆಲವೇ ಕಾನೂನುಗಳಲ್ಲಿ ಅಡಕ ಮಾಡಿದರು. ಹಲವು ಅಪರಾಧಗಳಿಂದ ಮರಣದಂಡನೆಯನ್ನು ತೆಗೆದರು. 1823ರಲ್ಲಿ ಜೈಲುಗಳ ಸುಧಾರಣೆಗೆ ಕಾನೂನು ತಂದರು. ಆ ಮೂಲಕ ಹೆಣ್ಣು ಕೈದಿಗಳ ಮೇಲ್ವಿಚಾರಣೆಗೆ ಹೆಂಗಸರೇ ಇರಬೇಕು ಎಂಬ ನಿಯಮ ಬಂತು. ಎಲಿಜಬೆತ್ ಫ್ರೈ ಎಂಬ ಮಹಿಳೆ ಅದಕ್ಕಾಗಿ ವರ್ಷಗಟ್ಟಲೆ ದುಡಿದಿದ್ದರು. ಇಷ್ಟೆಲ್ಲ ಮಾಡಿದರೂ ನೇಣುಗಂಬ ಮಾತ್ರ ಪೀಲ್ ಅವರ ಕಾಲದಲ್ಲಿ ಖಾಲಿ ಬೀಳಲಿಲ್ಲ. ಉಳಿದ ಮರಣದಂಡನೆಗಳ ವಿಷಯದಲ್ಲಿ ಅವರು ಕಠಿಣವಾಗಿಯೇ ಇದ್ದರು ಎಂದು ಇತಿಹಾಸಕಾರರು ಹೇಳುತ್ತಾರೆ.

ಆಗ ಲಂಡನ್ನಿನಲ್ಲಿ ಪೊಲೀಸ್ ಇಲಾಖೆ ಎಂಬುದೇ ಇರಲಿಲ್ಲ. ಸುಮಾರು ಹದಿನೈದು ಲಕ್ಷ ಜನರ ನಗರ. ಪ್ರತಿಯೊಂದು ಚರ್ಚಿನ ವಲಯವೂ ತನ್ನದೇ ರಾತ್ರಿ ಕಾವಲುಗಾರರನ್ನು ಇಟ್ಟುಕೊಂಡಿತ್ತು. ಕೆಲವು ವಲಯಗಳು ಚೆನ್ನಾಗಿ ಸಂಬಳ ಕೊಟ್ಟು ಒಳ್ಳೆಯ ಕಾವಲು ಇಟ್ಟಿದ್ದವು. ಇನ್ನು ಕೆಲವು ಕಡೆ ವಯಸ್ಸಾದ ಒಬ್ಬ ಮನುಷ್ಯ ಕೈಯಲ್ಲಿ ಲಾಟೀನು ಹಿಡಿದು ಗಂಟೆ ಎಷ್ಟಾಯಿತು ಎಂದು ಕೂಗುತ್ತಾ ಹೋಗುವುದಷ್ಟೇ ಕಾವಲು. ಕಳ್ಳ ಒಂದು ಬೀದಿ ದಾಟಿ ಪಕ್ಕದ ವಲಯಕ್ಕೆ ಓಡಿದರೆ ಈ ಕಾವಲುಗಾರನ ಕೆಲಸ ಮುಗಿಯಿತು.

ಆದರೂ ಜನ ಪೊಲೀಸ್ ಬೇಡ ಎನ್ನುತ್ತಿದ್ದರು. ಕಾರಣವಿತ್ತು. ಫ್ರಾನ್ಸಿನಲ್ಲಿ ಪೊಲೀಸರೆಂದರೆ ಸರ್ಕಾರದ ಗೂಢಚಾರರು. ಯಾರ ಮನೆಯಲ್ಲಿ ಯಾರು ಏನು ಮಾತಾಡಿದರು ಎಂದು ವರದಿ ಕೊಡುವವರು. ಅಂತಹುದು ನಮ್ಮಲ್ಲಿ ಬೇಡ ಎಂಬುದು ಇಂಗ್ಲೆಂಡಿನವರ ಹಟ. ಪೀಲ್ ಗೃಹಮಂತ್ರಿಯಾದ ವರ್ಷವೇ ನೇಮಿಸಿದ ಸಂಸದೀಯ ಸಮಿತಿ ಕೂಡ ಬಲವಾದ ಪೊಲೀಸ್ ವ್ಯವಸ್ಥೆ ಮತ್ತು ಸ್ವತಂತ್ರ ಸಮಾಜ ಒಟ್ಟಿಗೆ ಇರುವುದು ಕಷ್ಟ ಎಂದು ವರದಿ ಕೊಟ್ಟಿತು. ಪೀಲ್ ಆರು ವರ್ಷ ಕಾದರು.

ಅಂಕಿಗಳ ವಾದ

ಇಂಗ್ಲೆಂಡಿನ ಗೃಹ ಇಲಾಖೆ 1805ರಿಂದಲೇ ಒಂದು ಲೆಕ್ಕ ಇಡುತ್ತಿತ್ತು. ದೊಡ್ಡ ಅಪರಾಧಗಳಿಗಾಗಿ ಎಷ್ಟು ಜನರನ್ನು ವಿಚಾರಣೆಗೆ ಒಪ್ಪಿಸಲಾಯಿತು, ಎಷ್ಟು ಜನರಿಗೆ ಶಿಕ್ಷೆಯಾಯಿತು, ಎಷ್ಟು ಜನ ಬಿಡುಗಡೆಯಾದರು ಎಂಬ ಲೆಕ್ಕ. ಪೀಲ್ ಇದನ್ನು ಕೈಗೆತ್ತಿಕೊಂಡರು. 1829ರ ಏಪ್ರಿಲ್ 15ರಂದು ಪೊಲೀಸ್ ಮಸೂದೆಯನ್ನು ಮಂಡಿಸುವಾಗ ಅವರು ಸಂಸತ್ತಿಗೆ ಹೇಳಿದ ಲೆಕ್ಕ ಇದು. ಹಿಂದಿನ ವರ್ಷ ಲಂಡನ್ ಮತ್ತು ಮಿಡ್ಲ್‌ಸೆಕ್ಸ್ ಭಾಗದಲ್ಲಿ 383 ಜನರಿಗೆ ಒಬ್ಬನನ್ನು ಯಾವುದಾದರೊಂದು ಅಪರಾಧಕ್ಕಾಗಿ ವಿಚಾರಣೆಗೆ ಒಪ್ಪಿಸಲಾಗಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಪ್ರಮಾಣ 822ಕ್ಕೆ ಒಬ್ಬ.

ನಾವು ತರಗತಿಯಲ್ಲಿ ಕಲಿತಂತೆ ಇದನ್ನು ಲಕ್ಷಕ್ಕೆ ಇಷ್ಟು ಎಂಬ ದರಕ್ಕೆ ಪರಿವರ್ತಿಸಿ ನೋಡಿದೆ. 383ಕ್ಕೆ ಒಬ್ಬ ಎಂದರೆ ಲಕ್ಷಕ್ಕೆ ಸುಮಾರು 261. 822ಕ್ಕೆ ಒಬ್ಬ ಎಂದರೆ ಲಕ್ಷಕ್ಕೆ ಸುಮಾರು 122. ಅಂದರೆ ಲಂಡನ್ನಿನ ದರ ಎರಡು ಪಟ್ಟಿಗೂ ಸ್ವಲ್ಪ ಹೆಚ್ಚು. ಸಂಸದರು ಇದನ್ನು ಕೇಳಿ ಗಾಬರಿಯಾಗಿದ್ದರೆ ಆಶ್ಚರ್ಯವಿಲ್ಲ. ಲಂಡನ್ನಿನಲ್ಲಿ ಜನಸಂಖ್ಯೆ ಬೆಳೆದದ್ದಕ್ಕಿಂತ ವೇಗವಾಗಿ ಅಪರಾಧ ಬೆಳೆಯುತ್ತಿದೆ ಎಂಬುದೂ ಪೀಲ್ ಅವರ ವಾದವಾಗಿತ್ತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ಕಾಲದಲ್ಲಿ ಸರ್ಕಾರಿ ವಕೀಲರು ಮೊಕದ್ದಮೆ ನಡೆಸುತ್ತಿರಲಿಲ್ಲ. ಕಳವಾದವನೇ ಕಳ್ಳನ ಮೇಲೆ ಮೊಕದ್ದಮೆ ಹೂಡಬೇಕು. ಸಾಕ್ಷಿಗಳನ್ನು ಅವನೇ ಕರೆತರಬೇಕು. ಖರ್ಚನ್ನೂ ಅವನೇ ನೋಡಿಕೊಳ್ಳಬೇಕು. ಬಡವನ ಮನೆಗೆ ಕನ್ನ ಬಿದ್ದರೆ ಅವನು ಕೋರ್ಟಿನ ಖರ್ಚಿಗೆ ಹೆದರಿ ಸುಮ್ಮನಾಗುತ್ತಿದ್ದ. ಆ ಕಳ್ಳತನ ಯಾವ ಸರ್ಕಾರಿ ಕಾಗದದಲ್ಲೂ ಬರುತ್ತಿರಲಿಲ್ಲ. 1826ರಲ್ಲಿ ಒಂದು ಕಾನೂನು ತಂದು, ಮೊಕದ್ದಮೆ ಹೂಡಿದವರಿಗೂ ಸಾಕ್ಷಿಗಳಿಗೂ ಹೆಚ್ಚು ಪ್ರಕರಣಗಳಲ್ಲಿ ಖರ್ಚು ಸಿಗುವಂತೆ ಮಾಡಿದವರು ಬೇರೆ ಯಾರೂ ಅಲ್ಲ, ಪೀಲ್ ಅವರೇ. ಖರ್ಚು ಸಿಗುತ್ತದೆ ಎಂದ ಮೇಲೆ ಹೆಚ್ಚು ಜನ ದೂರು ಕೊಡಲು ಮುಂದೆ ಬರುವುದು ಸಹಜ. ಮರಣದಂಡನೆ ಕಡಿಮೆಯಾದ ಮೇಲೆ ದೂರು ಕೊಡಲು ಅಂಜುವವರೂ ಕಡಿಮೆಯಾಗುತ್ತಾರೆ. ಹಾಗಾದರೆ ಪಟ್ಟಿಯಲ್ಲಿ ಏರಿದ್ದು ಕಳ್ಳತನವೋ, ಕಳ್ಳತನದ ದೂರೋ? ಎರಡೂ ಇರಬಹುದು. ಆ ಒಂದು ಅಂಕಣವನ್ನು ಮಾತ್ರ ನೋಡಿ ಎರಡನ್ನೂ ಬೇರ್ಪಡಿಸಲು ಸಾಧ್ಯವಿಲ್ಲ.

ಈ ಮಾತು ಎರಡು ಶತಮಾನ ಹಳೆಯದಲ್ಲ. ನಮ್ಮ ದೇಶದಲ್ಲಿ ಅಪರಾಧಗಳ ವಾರ್ಷಿಕ ವರದಿಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸುತ್ತದೆ. ಈ ವರದಿ 1953ರಿಂದ ಬರುತ್ತಿದೆ. ಬ್ಯೂರೊ ಸ್ಥಾಪನೆಯಾದದ್ದು 1986ರಲ್ಲಿ. ದಾಖಲಾದ ಪ್ರಕರಣ ಹೆಚ್ಚಾದರೆ ಅಪರಾಧವೇ ಹೆಚ್ಚಾಯಿತು ಎಂದು ತೀರ್ಮಾನಿಸಬಾರದು ಎಂದು ಆ ಬ್ಯೂರೊ ತಾನೇ ಓದುಗರನ್ನು ಎಚ್ಚರಿಸುತ್ತದೆ. ಒಂದೇ ಎಫ್‌ಐಆರ್‌ನಲ್ಲಿ ನಾಲ್ಕು ಅಪರಾಧಗಳಿದ್ದರೆ ಎಲ್ಲಕ್ಕಿಂತ ದೊಡ್ಡ ಅಪರಾಧವನ್ನು ಮಾತ್ರ ಎಣಿಸುವ ಪದ್ಧತಿಯೂ ಅಲ್ಲಿದೆ. ಠಾಣೆಗೆ ಬಂದವರ ದೂರನ್ನು ತಿರುಗಿಸಿ ಕಳುಹಿಸದೆ ಬರೆದುಕೊಳ್ಳುವ ಜಿಲ್ಲೆಯಲ್ಲಿ ಅಂಕಿ ಏರುತ್ತದೆ. ಆ ಜಿಲ್ಲೆ ಕೆಟ್ಟದ್ದು ಎಂದು ಪತ್ರಿಕೆಯಲ್ಲಿ ಬಂದರೆ ಪ್ರಾಮಾಣಿಕವಾಗಿ ದೂರು ಬರೆದುಕೊಂಡವರಿಗೇ ಶಿಕ್ಷೆ ಕೊಟ್ಟಂತೆ. ಒಂದು ಊರಿನ ಮೇಲೆ, ಒಂದು ಬಡಾವಣೆಯ ಮೇಲೆ, ಒಂದು ಸಮುದಾಯದ ಮೇಲೆ ಇಂತಹ ಅಂಕಿಗಳನ್ನು ಹಿಡಿದು ಹಣೆಪಟ್ಟಿ ಅಂಟಿಸುವುದನ್ನು ನಾವು ಮೊಬೈಲಿನಲ್ಲಿ ದಿನಾ ನೋಡುತ್ತೇವೆ. ಫಾರ್ವರ್ಡ್ ಮಾಡುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು: ಎಣಿಸಿದ್ದು ಏನನ್ನು, ಎಣಿಸಿದವರು ಯಾರು, ಹಿಂದಿನ ವರ್ಷವೂ ಇದೇ ರೀತಿ ಎಣಿಸಿದ್ದರೇ?

ಹಾಗೆಂದು ಪೀಲ್ ಸಂಸತ್ತಿಗೆ ಸುಳ್ಳು ಹೇಳಿದರು ಎಂದು ನಾನು ಹೇಳುತ್ತಿಲ್ಲ. ಇದ್ದ ಲೆಕ್ಕವನ್ನೇ ಹೇಳಿದರು. ವಲಯಗಳ ಕಾವಲು ಕೆಟ್ಟಿತ್ತು ಎಂಬುದಕ್ಕೆ ಬೇರೆ ಸಾಕ್ಷಿಗಳೂ ಬೇಕಾದಷ್ಟಿದ್ದವು. ಮಸೂದೆ ಹೆಚ್ಚು ವಿರೋಧವಿಲ್ಲದೆ ಒಪ್ಪಿಗೆ ಪಡೆಯಿತು. ಲಂಡನ್ನಿನ ಮಧ್ಯದಲ್ಲಿರುವ ಸಿಟಿ ಎಂಬ ಹಳೆಯ ವ್ಯಾಪಾರಿ ಭಾಗವನ್ನು ಪೀಲ್ ಜಾಣತನದಿಂದ ಹೊರಗೇ ಬಿಟ್ಟಿದ್ದರು. ಅಲ್ಲಿನ ಪ್ರಬಲ ವರ್ತಕರು ಎದುರು ನಿಂತಿದ್ದರೆ ಮಸೂದೆ ಬಿದ್ದುಹೋಗುತ್ತಿತ್ತು. ಇಂದಿಗೂ ಆ ಭಾಗಕ್ಕೆ ಬೇರೆಯೇ ಪೊಲೀಸ್ ಪಡೆ ಇದೆ.

ನೀಲಿ ಕೋಟಿನವರು

1829ರ ಸೆಪ್ಟೆಂಬರ್ 29ರ ಸಂಜೆ ಹೊಸ ಪೊಲೀಸರು ಮೊದಲ ಬಾರಿಗೆ ಲಂಡನ್ನಿನ ಬೀದಿಗಿಳಿದರು. ಪಡೆಗೆ ಇಬ್ಬರು ಕಮಿಷನರುಗಳು. ಒಬ್ಬರು ವಾಟರ್‌ಲೂ ಯುದ್ಧದಲ್ಲಿ ಹೋರಾಡಿದ ಚಾರ್ಲ್ಸ್ ರೋವನ್, ಇನ್ನೊಬ್ಬರು ವಕೀಲ ರಿಚರ್ಡ್ ಮೇನ್. ಅವರ ಕಚೇರಿಯ ಹಿಂಬಾಗಿಲು ಸ್ಕಾಟ್ಲೆಂಡ್ ಯಾರ್ಡ್ ಎಂಬ ಜಾಗದ ಕಡೆಗೆ ಇದ್ದದ್ದರಿಂದ ಆ ಹೆಸರು ಜಗತ್ಪ್ರಸಿದ್ಧವಾಯಿತು.

ಸೈನ್ಯದ ನೆನಪು ಬಾರದಿರಲಿ ಎಂದು ಕೆಂಪು ಬಿಟ್ಟು ನೀಲಿ ಕೋಟು ಕೊಟ್ಟರು. ತಲೆಗೆ ಎತ್ತರದ ಟೋಪಿ. ಕೈಗೆ ಬಂದೂಕಿಲ್ಲ, ಕತ್ತಿಯಿಲ್ಲ. ಒಂದು ಮರದ ಲಾಠಿ, ಸಹಾಯಕ್ಕೆ ಕರೆಯಲು ಒಂದು ಮರದ ಗಿರಗಟ್ಟೆ. ಯಾರಾದರೂ ಹಿಂದಿನಿಂದ ಕುತ್ತಿಗೆ ಹಿಸುಕದಿರಲಿ ಎಂದು ಕಾಲರಿನ ಒಳಗೆ ಅಗಲವಾದ ಚರ್ಮದ ಪಟ್ಟಿ. ಪ್ರತಿಯೊಬ್ಬನ ಕಾಲರಿನ ಮೇಲೂ ಅವನ ನಂಬರು. ತಪ್ಪು ಮಾಡಿದ ಪೇದೆಯನ್ನು ಜನ ಗುರುತಿಸಿ ದೂರು ಕೊಡಲಿ ಎಂದೇ ಈ ನಂಬರು. ಓದು ಬರಹ ಬರಬೇಕು, ವಯಸ್ಸು 35 ಮೀರಿರಬಾರದು ಎಂಬ ನಿಯಮವಿತ್ತು. ಸಂಬಳ ವಾರಕ್ಕೆ 21 ಷಿಲಿಂಗ್. ಅದರಲ್ಲಿ ನೆಮ್ಮದಿಯಾಗಿ ಸಂಸಾರ ನಡೆಸುವುದು ಕಷ್ಟ.

ಅಪರಾಧ ನಡೆದ ಮೇಲೆ ಹಿಡಿಯುವುದಕ್ಕಿಂತ ನಡೆಯದಂತೆ ತಡೆಯುವುದೇ ಮುಖ್ಯ ಕೆಲಸ ಎಂದು ಅವರಿಗೆ ಕೊಟ್ಟ ಸೂಚನೆಗಳಲ್ಲಿ ಹೇಳಲಾಗಿತ್ತು. ಪೀಲ್ ಅವರ ಒಂಬತ್ತು ತತ್ವಗಳು ಎಂದು ಇಂದು ಪೊಲೀಸ್ ತರಬೇತಿಯಲ್ಲಿ ಕಲಿಸುವ ಪಟ್ಟಿಯೊಂದಿದೆ. ಅದನ್ನು ಪೀಲ್ ಬರೆದ ಕಾಗದ ಯಾವುದೂ ಇಲ್ಲ. ಇಪ್ಪತ್ತನೇ ಶತಮಾನದಲ್ಲಿ ಚಾರ್ಲ್ಸ್ ರೀತ್ ಎಂಬ ಇತಿಹಾಸಕಾರರು ಹಳೆಯ ಸೂಚನೆಗಳ ಸಾರ ತೆಗೆದು ಹಾಗೆ ಜೋಡಿಸಿದರು.

ಆರಂಭ ಸುಲಭವಾಗಿರಲಿಲ್ಲ. ಕುಡಿದು ಕೆಲಸಕ್ಕೆ ಬಂದದ್ದಕ್ಕೆ ನೂರಾರು ಜನರನ್ನು ಮನೆಗೆ ಕಳುಹಿಸಿದರು. 1830ರ ಮೇ ತಿಂಗಳಲ್ಲಿ ಇದ್ದ 2,800 ಪೇದೆಗಳಲ್ಲಿ ನಾಲ್ಕು ವರ್ಷಗಳ ಮೇಲೆ ಉಳಿದವರು 562 ಮಾತ್ರ. ಶೇಕಡಾ ಲೆಕ್ಕದಲ್ಲಿ 20. ಐದರಲ್ಲಿ ನಾಲ್ವರು ಹೋದರು. ಕೆಲವರನ್ನು ತೆಗೆದರು, ಕೆಲವರು ಸಂಬಳ ಸಾಲದೆ ತಾವೇ ಬಿಟ್ಟರು.

ಹಣ ಮತ್ತು ಪ್ರಾಣ

ಈ ಪಡೆಗೆ ಹಣ ಎಲ್ಲಿಂದ? ಮನೆ, ಆಸ್ತಿಗಳ ಬಾಡಿಗೆ ಮೌಲ್ಯದ ಮೇಲೆ ಪೌಂಡಿಗೆ 8 ಪೆನ್ಸ್ ಮೀರದಂತೆ ಪೊಲೀಸ್ ತೆರಿಗೆ ಹಾಕಿದರು. ಒಂದು ಪೌಂಡಿಗೆ 240 ಪೆನ್ಸ್. ಆದ್ದರಿಂದ ಇದು ಮೂವತ್ತರಲ್ಲಿ ಒಂದು ಪಾಲು. ಹಿಂದೆ ವಲಯಗಳು ತಮ್ಮ ಕಾವಲುಗಾರನನ್ನು ತಾವೇ ನೇಮಿಸಿ ತಾವೇ ಸಂಬಳ ಕೊಡುತ್ತಿದ್ದವು. ಈಗ ತೆರಿಗೆ ಅವರದು, ಹಿಡಿತ ಗೃಹಮಂತ್ರಿಯದು. ಹಣ ನಮ್ಮದು, ಮಾತು ನಮ್ಮದಲ್ಲ ಎಂದು ವಲಯಗಳು ಸಿಡುಕಿದವು. 1833ರಲ್ಲಿ ಸರ್ಕಾರ ಖರ್ಚಿನ ಕಾಲು ಭಾಗವನ್ನು ಖಜಾನೆಯಿಂದ ಕೊಡಲು ಒಪ್ಪಿದ ಮೇಲೆ ಗಲಾಟೆ ಸ್ವಲ್ಪ ತಗ್ಗಿತು.

ಪೇದೆಗಳ ಪ್ರಾಣದ ವಿಷಯ ಇದಕ್ಕಿಂತ ಕಹಿ. 1830ರ ಜೂನ್ 29ರಂದು ಸೋಮರ್ಸ್ ಟೌನ್ ಎಂಬಲ್ಲಿ ಜಗಳ ಬಿಡಿಸಲು ಹೋದ ಪೇದೆ ಜೋಸೆಫ್ ಗ್ರಾಂಥಮ್ ಅವರನ್ನು ಒದ್ದು ಕೊಂದರು. ಕರ್ತವ್ಯದಲ್ಲಿದ್ದಾಗ ಕೊಲೆಯಾದ ಮೊದಲ ಲಂಡನ್ ಪೇದೆ ಅವರು. ಮರಣ ವಿಚಾರಣೆ ನಡೆಸಿದ ಜ್ಯೂರಿಯವರು ಇದನ್ನು ಕೊಲೆ ಎನ್ನಲಿಲ್ಲ, ಸಮರ್ಥನೀಯ ಸಾವು ಎಂದರು. ಪೇದೆ ಅತಿಯಾಗಿ ಉತ್ಸಾಹ ತೋರಿ ತನ್ನ ಸಾವಿಗೆ ತಾನೇ ಕಾರಣನಾದ ಎಂಬುದು ಅವರ ಅಭಿಪ್ರಾಯ. 1833ರ ಮೇ 13ರಂದು ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬಲ್ಲಿ ಸಭೆಯೊಂದನ್ನು ಚದುರಿಸುವಾಗ ಪೇದೆ ರಾಬರ್ಟ್ ಕಲ್ಲಿ ಇರಿತಕ್ಕೆ ಬಲಿಯಾದರು. ಆಗಲೂ ಜ್ಯೂರಿ ಅದೇ ತೀರ್ಪು ಕೊಟ್ಟಿತು. ಪೊಲೀಸರು ಜನರಿಗೆ ಚದುರಲು ಎಚ್ಚರಿಕೆಯನ್ನೂ ಕೊಡದೆ ಮೇಲೆ ಬಿದ್ದರು ಎಂಬುದು ಅದರ ಕಾರಣ. ಜನ ಆ ಜ್ಯೂರಿಯವರನ್ನು ಸನ್ಮಾನಿಸಿದರು. ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು. ಪೊಲೀಸರ ವಿರುದ್ಧದ ಸಿಟ್ಟಿಗೆ ಕಾರಣ ಇರಲಿಲ್ಲ ಎಂದು ಹೇಳಲಾಗದು. ಆದರೆ ಆ ಸಿಟ್ಟಿನ ಬೆಲೆ ತೆತ್ತದ್ದು ವಾರಕ್ಕೆ 21 ಷಿಲಿಂಗ್‌ಗೆ ದುಡಿಯುತ್ತಿದ್ದ ಬಡ ಸಂಸಾರಸ್ಥರು.

ನನ್ನ ಮಾಮು ಒಬ್ಬರು ಹೆಡ್ ಕಾನ್‌ಸ್ಟೇಬಲ್ ಆಗಿದ್ದಾರೆ. ಹಬ್ಬದ ಬಂದೋಬಸ್ತಿಗೆ ಹೋದರೆ ನಮ್ಮ ಹಬ್ಬವಿರಲಿ, ಬೇರೆಯವರ ಹಬ್ಬವಿರಲಿ, ಅವರಿಗೆ ರಸ್ತೆಯಲ್ಲೇ ಹಬ್ಬ. ಅವರು ಮನೆಗೆ ಬಂದು ಬೂಟು ಬಿಚ್ಚುವವರೆಗೆ ಮುಮಾನಿಗೆ ನಿದ್ದೆ ಇಲ್ಲ. ಆದ್ದರಿಂದ ಕರ್ತವ್ಯದಲ್ಲಿ ಸತ್ತ ಮತ್ತು ಗಾಯಗೊಂಡ ಪೊಲೀಸರ ಅಂಕಣ ಸರ್ಕಾರಿ ವರದಿಯಲ್ಲಿ ಇರುವುದು ನನಗೆ ಬರೀ ಅಂಕಿಯಾಗಿ ಕಾಣುವುದಿಲ್ಲ. ನಮ್ಮ ದೇಶದಲ್ಲಿ ಪ್ರತಿ ವರ್ಷ ಅಕ್ಟೋಬರ್ 21ರಂದು ಪೊಲೀಸ್ ಹುತಾತ್ಮರ ದಿನ ಆಚರಿಸುತ್ತಾರೆ. 1959ರಲ್ಲಿ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ ಮಡಿದ ಪೊಲೀಸರ ನೆನಪಿನ ದಿನ ಅದು. ಆ ದಿನ ವರ್ಷದಲ್ಲಿ ಕರ್ತವ್ಯದ ಮೇಲೆ ಮಡಿದವರ ಹೆಸರುಗಳನ್ನು ಓದುತ್ತಾರೆ.

ಮುಂದಿನ ಜೀವನ

ಪೊಲೀಸ್ ಮಸೂದೆ ಮಂಡಿಸುವುದಕ್ಕೆ ಎರಡೇ ದಿನ ಮೊದಲು, 1829ರ ಏಪ್ರಿಲ್ 13ರಂದು, ಕ್ಯಾಥೊಲಿಕರಿಗೆ ಸಂಸತ್ತಿನಲ್ಲಿ ಕುಳಿತುಕೊಳ್ಳುವ ಹಕ್ಕು ಕೊಟ್ಟ ಕಾನೂನಿಗೆ ಅಂಕಿತ ಬಿದ್ದಿತ್ತು. ವರ್ಷಗಟ್ಟಲೆ ಈ ಹಕ್ಕನ್ನು ವಿರೋಧಿಸಿದ್ದ ಪೀಲ್ ಅವರೇ ಅದನ್ನು ಸಂಸತ್ತಿನಲ್ಲಿ ಮುನ್ನಡೆಸಿದರು. ಐರ್ಲೆಂಡಿನ ನಾಯಕ ಡೇನಿಯಲ್ ಓ'ಕಾನೆಲ್ ಚುನಾವಣೆಯಲ್ಲಿ ಗೆದ್ದ ಮೇಲೆ ಹಕ್ಕು ಕೊಡದಿದ್ದರೆ ದೇಶ ಹೊತ್ತಿ ಉರಿಯುತ್ತದೆ ಎಂದು ಅವರಿಗೆ ಮನವರಿಕೆಯಾಯಿತು. ಇದಕ್ಕಾಗಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ಷೇತ್ರವನ್ನು ಕಳೆದುಕೊಂಡರು. ಪಕ್ಷದವರು ದ್ರೋಹಿ ಎಂದರು.

1834ರ ಕೊನೆಯಲ್ಲಿ ಕೆಲವು ತಿಂಗಳು, ಆಮೇಲೆ 1841ರಿಂದ 1846ರವರೆಗೆ ಪ್ರಧಾನಿಯಾಗಿದ್ದರು. ಬೊಕ್ಕಸ ಬರಿದಾಗಿದ್ದಾಗ, 1842ರಲ್ಲಿ, ವರ್ಷಕ್ಕೆ 150 ಪೌಂಡಿಗಿಂತ ಹೆಚ್ಚು ಆದಾಯವಿದ್ದವರ ಮೇಲೆ ಆದಾಯ ತೆರಿಗೆಯನ್ನು ಮತ್ತೆ ಹಾಕಿದರು. ಶಾಂತಿಕಾಲದಲ್ಲಿ ಹೀಗೆ ಹಾಕಿದ್ದು ಅದೇ ಮೊದಲು.

1843ರ ಜನವರಿಯಲ್ಲಿ ಡೇನಿಯಲ್ ಮ್ಯಾಕ್‌ನಾಟನ್ ಎಂಬ ಮನಸ್ಸು ಕೆಟ್ಟ ವ್ಯಕ್ತಿ ಪೀಲ್ ಎಂದು ತಿಳಿದು ಅವರ ಖಾಸಗಿ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್ ಅವರಿಗೆ ಗುಂಡು ಹಾರಿಸಿದ. ಡ್ರಮಂಡ್ ತೀರಿಕೊಂಡರು. ಬುದ್ಧಿ ಸ್ಥಿಮಿತದಲ್ಲಿ ಇಲ್ಲದವನನ್ನು ಅಪರಾಧಿ ಎನ್ನಬಹುದೇ ಎಂಬ ಬಗ್ಗೆ ಆಗ ಹುಟ್ಟಿದ ನಿಯಮವೇ ಭಾರತೀಯ ದಂಡ ಸಂಹಿತೆಯ 84ನೇ ಕಲಮಿಗೆ ಆಧಾರವಾಯಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು.

1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಬರಗಾಲ ಬಂತು. ಪೀಲ್ ಅಮೆರಿಕದಿಂದ ಮೆಕ್ಕೆಜೋಳ ತರಿಸಿದರು. ಹೊರಗಿನ ಧಾನ್ಯದ ಮೇಲೆ ಜಮೀನ್ದಾರರ ಲಾಭಕ್ಕಾಗಿ ಇದ್ದ ಸುಂಕದ ಕಾನೂನನ್ನು 1846ರಲ್ಲಿ ರದ್ದು ಮಾಡಿಸಿದರು. ಅವರದೇ ಪಕ್ಷ ಎರಡಾಗಿ ಒಡೆಯಿತು. ಜೂನ್ 29ರಂದು ರಾಜೀನಾಮೆ ಕೊಟ್ಟರು. ಐರ್ಲೆಂಡಿನ ಬರಗಾಲದ ಅತಿ ಘೋರ ದಿನಗಳು ಅವರು ಅಧಿಕಾರ ಬಿಟ್ಟ ಮೇಲೆ ಬಂದವು.

1850ರ ಜೂನ್ 29ರಂದು ಲಂಡನ್ನಿನ ಕಾನ್‌ಸ್ಟಿಟ್ಯೂಷನ್ ಹಿಲ್ ರಸ್ತೆಯಲ್ಲಿ ಕುದುರೆಯಿಂದ ಬಿದ್ದರು. ಜುಲೈ 2ರಂದು ತೀರಿಕೊಂಡರು. ಆಗ ವಯಸ್ಸು 62. ಅಗ್ಗದ ಬ್ರೆಡ್ಡು ತಿನ್ನುವಂತಾದ ಕೂಲಿಕಾರರು ಒಂದೊಂದು ಪೆನ್ನಿ ಕೂಡಿಸಿ ಅವರ ಸ್ಮಾರಕಕ್ಕೆ ಹಣ ಕೊಟ್ಟರು. ಜೂನ್ 29 ಈ ಕಥೆಯಲ್ಲಿ ಮೂರು ಸಲ ಬಂತು. ಅದು ಕಾಕತಾಳೀಯ ಮಾತ್ರ. ಅದರಲ್ಲಿ ಅರ್ಥ ಹುಡುಕಬಾರದು ಎಂಬುದನ್ನೂ ಸಂಖ್ಯಾಶಾಸ್ತ್ರವೇ ನಮಗೆ ಕಲಿಸುತ್ತದೆ.

ಪೀಲ್ ನಂತರ

ಲೆಕ್ಕ ಇಡುವ ಕೆಲಸ ಅವರೊಂದಿಗೆ ನಿಲ್ಲಲಿಲ್ಲ. 1856ರ ಕಾನೂನು ಇಂಗ್ಲೆಂಡ್ ಮತ್ತು ವೇಲ್ಸ್‌ನ ಪ್ರತಿ ಪ್ರಾಂತದಲ್ಲೂ ಪೊಲೀಸ್ ಪಡೆ ಇರಲೇಬೇಕು ಎಂದಿತು. ಪ್ರತಿ ವರ್ಷ ಅಪರಾಧದ ಲೆಕ್ಕ ಗೃಹಮಂತ್ರಿಗೆ ಹೋಗಬೇಕು. ತನಿಖಾಧಿಕಾರಿಗಳು ಬಂದು ಪಡೆ ಸಮರ್ಥವಾಗಿದೆ ಎಂದು ಪ್ರಮಾಣಪತ್ರ ಕೊಟ್ಟರೆ ಸಂಬಳ ಮತ್ತು ಸಮವಸ್ತ್ರದ ಖರ್ಚಿನ ಕಾಲು ಭಾಗ ಸರ್ಕಾರದಿಂದ ಸಿಗುತ್ತದೆ. 1874ರಲ್ಲಿ ಅದು ಅರ್ಧ ಭಾಗವಾಯಿತು. ಹೀಗೆ ಅಂಕಿಗೂ ಅನುದಾನಕ್ಕೂ ಗಂಟು ಬಿತ್ತು. ಇಂದು ಅಲ್ಲಿ ಪೊಲೀಸರ ಸಂಖ್ಯೆ, ಅವರ ಮೇಲಾದ ಹಲ್ಲೆಗಳು, ಸಣ್ಣ ತಪ್ಪಿಗೆ ಕೋರ್ಟಿಗೆ ಕಳುಹಿಸದೆ ಠಾಣೆಯಲ್ಲೇ ಅಧಿಕೃತ ಎಚ್ಚರಿಕೆ ಕೊಟ್ಟು ಬಿಟ್ಟವರ ಸಂಖ್ಯೆ, ಎಲ್ಲವನ್ನೂ ಪ್ರಕಟಿಸುತ್ತಾರೆ. ನಮ್ಮಲ್ಲಿ ಬುದ್ಧಿ ಹೇಳಿ ಬಿಡುವ ಅಧಿಕಾರವನ್ನು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ನ್ಯಾಯಾಲಯಕ್ಕೆ ಕೊಟ್ಟಿದೆ.

ಭಾರತಕ್ಕೆ ಬಂದದ್ದು ಲಂಡನ್ನಿನ ಬಾಬಿಯಲ್ಲ, ಐರ್ಲೆಂಡಿನ ಪೀಲರ್. 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರ್ ಐರಿಷ್ ಮಾದರಿಯಲ್ಲಿ ಅಲ್ಲಿ ಪೊಲೀಸ್ ಪಡೆ ಕಟ್ಟಿದರು. 1861ರ ಪೊಲೀಸ್ ಕಾಯ್ದೆಯ ಮೇಲೆ ಅದರ ನೆರಳಿತ್ತು. ಲಂಡನ್ನಿನಲ್ಲಿ ಜನರ ಒಪ್ಪಿಗೆ ಬೇಡಿ ಬಂದ ಪೊಲೀಸ್, ಇಲ್ಲಿ ಆಳುವವರ ಕೈಯಾಗಿ ಬಂತು. ಠಾಣೆಯ ಮೆಟ್ಟಿಲು ಹತ್ತಲು ನಮ್ಮವರು ಇಂದಿಗೂ ಏಕೆ ಅಂಜುತ್ತಾರೆ ಎಂಬುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ.

ಪೀಲ್ ಅವರ ಜೀವನದಿಂದ ನಾನು ಕಲಿತದ್ದು ಎರಡು. ಒಂದು, ವಾದ ಮಾಡುವಾಗ ಲೆಕ್ಕ ಇಟ್ಟುಕೊಂಡು ಮಾಡಬೇಕು. ಎರಡು, ಲೆಕ್ಕ ತಡೆದ ಅಪರಾಧವನ್ನು ತೋರಿಸುವುದಿಲ್ಲ. ರಾತ್ರಿ ಗಸ್ತು ಹೋದ ಪೇದೆಯಿಂದ ಕಳ್ಳತನ ನಡೆಯದೆ ಉಳಿದರೆ ಅದಕ್ಕೆ ಯಾವ ಅಂಕಣವೂ ಇಲ್ಲ. ಬಂಧನ ಕಡಿಮೆಯಾದರೆ ಇಷ್ಟು ಪೊಲೀಸರು ಏಕೆ ಎನ್ನುತ್ತಾರೆ, ಹೆಚ್ಚಾದರೆ ಪೊಲೀಸರು ಏನು ಮಾಡುತ್ತಿದ್ದಾರೆ ಎನ್ನುತ್ತಾರೆ. ಎರಡೂ ಮಾತಿಗೆ ಅದೇ ಪಟ್ಟಿಯನ್ನು ಹಿಡಿಯುತ್ತಾರೆ.

ಗೆಳೆಯ ಗೆಳತಿಯರೇ, ನಮ್ಮಲ್ಲಿ ಕೆಲವರು ನಾಳೆ ಪೊಲೀಸ್ ಪರೀಕ್ಷೆ ಬರೆಯುವವರಿದ್ದೀರಿ, ಕೆಲವರು ವಕೀಲರಾಗುವವರು, ಕೆಲವರು ಪತ್ರಕರ್ತರಾಗುವವರು. ಉಳಿದವರು ದೂರು ಕೊಡಲು ಹೋಗುವ ಸಾಮಾನ್ಯ ನಾಗರಿಕರು. ದೂರು ಬರೆಯುವವರು ಅದನ್ನು ಪೂರ್ತಿ ಬರೆಯಲಿ, ಓದುವವರು ಎಚ್ಚರದಿಂದ ಓದಲಿ. ನಮ್ಮ ಗ್ರಂಥಾಲಯದಲ್ಲಿ ಸರ್ಕಾರಿ ವರದಿಗಳನ್ನು ಯಾರೂ ಮುಟ್ಟುವುದಿಲ್ಲ. ಒಮ್ಮೆ ತೆಗೆದು ನಮ್ಮ ಜಿಲ್ಲೆಯ ಪುಟವನ್ನಾದರೂ ನೋಡಿ.